ಬಾರಾಮಾಸಿ ಎಂಬ ಚೀಟಿ ಹೊತ್ತ ಆಸ್ಟರ್: ಧಾರವಾಡದ ಹಿತ್ತಲಿನಲ್ಲಿ ಹದಿನೆಂಟು ತಿಂಗಳು

ಧಾರವಾಡದ ಹೊರವಲಯದ ಒಂದು ನರ್ಸರಿಯಿಂದ 2024ರ ಜೂನ್ ಎರಡನೆಯ ವಾರದಲ್ಲಿ, ಮೃಗಶಿರಾ ಮಳೆ ಜಿಟಿಜಿಟಿ ಹಿಡಿದಿದ್ದ ಒಂದು ಮಧ್ಯಾಹ್ನ, ಎಂಟು ಆಸ್ಟರ್ ಸಸಿಗಳನ್ನು ಕೊಂಡು ತಂದೆ. ಒಂದಕ್ಕೆ 60 ರೂಪಾಯಿಯಂತೆ 480 ರೂಪಾಯಿ ಆಯಿತು. ಸಸಿಗಳ ಸಾಲಿನ ಮುಂದೆ ಚುಚ್ಚಿದ್ದ ತಗಡಿನ ಚೀಟಿಯ ಮೇಲೆ ‘ಬಾರಾಮಾಸಿ ಆಸ್ಟರ್, ನೇರಳೆ’ ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ಬಾರಾಮಾಸಿ ಎಂಬ ಮಾತಿಗೆ ನಮ್ಮ ಕಡೆ ಇರುವ ಸೆಳೆತವೇ ಬೇರೆ. ನಿಂಬೆಯಾಗಲಿ, ನುಗ್ಗೆಯಾಗಲಿ, ಗುಲಾಬಿಯಾಗಲಿ, ಹೆಸರಿನ ಹಿಂದೆ ಆ ಒಂದು ಶಬ್ದ ಕಂಡರೆ ಕೈ ತಾನಾಗಿಯೇ ಪರ್ಸಿಗೆ ಹೋಗುತ್ತದೆ. ನಾನು ಕೇಳಿದ್ದು ಒಂದೇ ಪ್ರಶ್ನೆ: “ಖರೇನ ಬಾರಾಮಾಸಿ ಏನ್ರಿ ಇದು?” ಮಾಲೀಕರು ಪೈಪಿನಿಂದ ಸಸಿಗಳಿಗೆ ನೀರು ಬಿಡುತ್ತಲೇ, “ಹನ್ನೆರಡೂ ತಿಂಗಳಾ ಇರ್ತೈತ್ರಿ ಅಕ್ಕಾರ, ಸಾಯೂದಿಲ್ಲ” ಎಂದರು.

ಅವರು ಸುಳ್ಳು ಹೇಳಿರಲಿಲ್ಲ ಎಂಬುದು ತಿಳಿಯಲು ನನಗೆ ಐದು ತಿಂಗಳು ಬೇಕಾಯಿತು. ಅವರು ಹೇಳಿದ್ದು ಗಿಡದ ಮಾತು, ನಾನು ಕೇಳಿಸಿಕೊಂಡದ್ದು ಹೂವಿನ ಮಾತು. ಬಹುವಾರ್ಷಿಕ ಎಂದರೆ ಬುಡ ಉಳಿದುಕೊಂಡು ವರ್ಷವರ್ಷವೂ ಚಿಗುರುವ ಗಿಡ ಎಂದಷ್ಟೇ ಅರ್ಥ; ಅದು ಯಾವ ತಿಂಗಳು ಹೂಬಿಡುತ್ತದೆ, ಎಷ್ಟು ದಿನ ಬಿಡುತ್ತದೆ ಎಂಬುದು ಪೂರ್ತಿ ಬೇರೆ ಲೆಕ್ಕ. ನರ್ಸರಿಗಳಲ್ಲಿ ಈ ಎರಡೂ ಲೆಕ್ಕಗಳನ್ನು ಬಾರಾಮಾಸಿ ಎಂಬ ಒಂದೇ ಚೀಲಕ್ಕೆ ತುಂಬಿ ಮಾರುತ್ತಾರೆ. ಈ ವಿಮರ್ಶೆಯನ್ನು ಬರೆಯುವುದಕ್ಕೆ ಮುಖ್ಯ ಕಾರಣ ಅದೇ. ಗಿಡ ಒಳ್ಳೆಯದು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಚೀಟಿಯನ್ನು ನಂಬಿ ಹನ್ನೆರಡು ತಿಂಗಳು ಹೂವಿಗಾಗಿ ಕಾಯುವವರು ಎಂಟು ತಿಂಗಳು ಬರಿಯ ಎಲೆ ನೋಡುತ್ತ ಕೂರಬೇಕಾಗುತ್ತದೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ನನಗಾದ ನಷ್ಟದ ಮೂಲ ಅಲ್ಲಿದೆ. ಆಸ್ಟರ್ ಎಂದರೆ ಗ್ರೀಕ್ ಭಾಷೆಯಲ್ಲಿ ನಕ್ಷತ್ರ. ಸೇವಂತಿಗೆ, ಚೆಂಡು ಹೂ, ಸೂರ್ಯಕಾಂತಿ ಇವೆಲ್ಲ ಸೇರಿರುವ ದೊಡ್ಡ ಕುಟುಂಬಕ್ಕೆ ಈ ಹೂವಿನಿಂದಲೇ ಆಸ್ಟರೇಸಿ ಎಂದು ಹೆಸರು ಬಂದಿದೆ. ಆದರೆ ನಮ್ಮ ಪೇಟೆಯಲ್ಲಿ ಆಸ್ಟರ್ ಎಂದು ಮಾಲೆಗೆ, ಬೊಕೆಗೆ, ಮದುವೆ ಮಂಟಪಕ್ಕೆ ಬರುವ ಹೂ ಬಹುಮಟ್ಟಿಗೆ ಚೀನಾ ಆಸ್ಟರ್. ಶಾಸ್ತ್ರದ ಪ್ರಕಾರ ಅದು ಕ್ಯಾಲಿಸ್ಟೆಫಸ್ ಚೈನೆನ್ಸಿಸ್ ಎಂಬ ಬೇರೆಯೇ ಗಿಡ, ಮತ್ತು ಅದು ವಾರ್ಷಿಕ: ಬೀಜದಿಂದ ಹುಟ್ಟಿ, ಕೆಲವು ತಿಂಗಳಲ್ಲಿ ಹೂಬಿಟ್ಟು, ಬೀಜ ಕಟ್ಟಿ ಒಣಗಿ ಹೋಗುತ್ತದೆ. ವರ್ಷಾನುಗಟ್ಟಲೆ ಬುಡದಿಂದ ಮರಿ ಒಡೆಯುವ ಆಸ್ಟರ್‌ಗಳು ಬೇರೆ. ಅವುಗಳಲ್ಲಿ ಮೈಕೆಲ್‌ಮಸ್ ಡೈಸಿ ಎಂದು ಕರೆಸಿಕೊಳ್ಳುವ ಜಾತಿ ಉತ್ತರ ಅಮೆರಿಕದ ಪೂರ್ವ ಭಾಗದ್ದು. ಸೆಪ್ಟೆಂಬರ್ 29ಕ್ಕೆ ಬರುವ ಕ್ರೈಸ್ತರ ಹಬ್ಬದ ಸುಮಾರಿಗೆ ಅರಳುವುದರಿಂದ ಇಂಗ್ಲೆಂಡಿನಲ್ಲಿ ಅದಕ್ಕೆ ಆ ಹೆಸರು ನಿಂತಿತು. ಸಸ್ಯಶಾಸ್ತ್ರಜ್ಞರು 1990ರ ದಶಕದಿಂದೀಚೆಗೆ ಅಮೆರಿಕದ ಈ ಜಾತಿಗಳನ್ನು ಆಸ್ಟರ್ ಕುಲದಿಂದ ಬೇರ್ಪಡಿಸಿ ಸಿಂಫಿಯೊಟ್ರೈಕಮ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಆ ಹೆಸರನ್ನು ನರ್ಸರಿಯಲ್ಲಿ ಹೇಳಿ ನೋಡಿದೆ. ಮಾಲೀಕರು ನಕ್ಕು, ಅದು ಯಾವುದಾದರೂ ಔಷಧದ ಹೆಸರೇ ಎಂದು ಕೇಳಿದರು. ಹಳೆಯ ಆಸ್ಟರ್ ಎಂಬ ಹೆಸರೇ ತೋಟಗಾರರಲ್ಲಿ ಉಳಿದಿರುವುದರಿಂದ ಇಲ್ಲಿಯೂ ಅದನ್ನೇ ಬಳಸುತ್ತೇನೆ.

ತಂದ ಎಂಟು ಸಸಿಗಳಲ್ಲಿ ಎರಡನ್ನು ಹುಬ್ಬಳ್ಳಿಯಲ್ಲಿರುವ ತಂಗಿಗೆ ಕೊಟ್ಟು ಆರನ್ನು ನಮ್ಮ ಹಿತ್ತಲಿನಲ್ಲಿ ಹಚ್ಚಿದೆ. ಆರರಲ್ಲಿ ಎರಡು ಮೊದಲಿನಿಂದಲೂ ಉಳಿದವುಗಳಂತೆ ಕಾಣುತ್ತಿರಲಿಲ್ಲ. ಅವು ಒಂದೇ ಗಟ್ಟಿ ಕಾಂಡದ ಮೇಲೆ ನೆಟ್ಟಗೆ ಬೆಳೆದವು, ಎಲೆ ಅಗಲವಾಗಿ ಅಂಚಿನಲ್ಲಿ ದೊಡ್ಡ ಗರಗಸದ ಹಲ್ಲುಗಳಿದ್ದವು, ಮತ್ತು ಆಗಸ್ಟ್ ತಿಂಗಳಲ್ಲೇ, ಬೇರೆ ನಾಲ್ಕು ಇನ್ನೂ ಮೊಗ್ಗು ಕಾಣದಿರುವಾಗ, ದೊಡ್ಡದೊಡ್ಡ ಗುಲಾಬಿ ಬಣ್ಣದ ಹೂಗಳನ್ನು ಬಿಟ್ಟವು. ಮನೆಗೆ ಬಂದವರೆಲ್ಲ ಅವನ್ನೇ ಹೊಗಳಿದರು. ಅಕ್ಟೋಬರ್ ಬರುವ ಹೊತ್ತಿಗೆ ಎರಡೂ ಬುಡಸಹಿತ ಕಂದಿ ಒಣಗಿದವು. ಅವು ಚೀನಾ ಆಸ್ಟರ್‌ಗಳಾಗಿದ್ದವು. ನೇರಳೆ ಎಂದು ಬರೆದ ಚೀಟಿಯ ಹಿಂದೆ ಗುಲಾಬಿ ಬಣ್ಣದ್ದು ಬಂದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಈಗ ಸಸಿ ಕೊಳ್ಳುವಾಗ ನಾನು ಮಾಡುವ ಪರೀಕ್ಷೆ ಹೀಗಿದೆ. ಮಾಲೀಕರ ಅನುಮತಿ ಕೇಳಿ ಚೀಲದ ಬಾಯಿಯಲ್ಲಿ ಕಾಂಡದ ಸುತ್ತಲಿನ ಮಣ್ಣನ್ನು ಬೆರಳ ತುದಿಯಿಂದ ಒಂದೆರಡು ಬೆರಳಿನಷ್ಟು ಆಳಕ್ಕೆ ಸರಿಸಿ ನೋಡುತ್ತೇನೆ. ಬಹುವಾರ್ಷಿಕ ಆಸ್ಟರ್ ಆಗಿದ್ದರೆ ಮುಖ್ಯ ಕಾಂಡದಿಂದ ತುಸು ದೂರದಲ್ಲಿ, ಮಣ್ಣೊಳಗಿಂದ ತಲೆ ಎತ್ತುತ್ತಿರುವ ತೆಳುಗೆಂಪು ಮೊಳಕೆಗಳು ಒಂದಾದರೂ ಸಿಕ್ಕೇ ಸಿಗುತ್ತವೆ. ಎಲೆ ಕಿರಿದಾಗಿ, ಉದ್ದವಾಗಿ, ಭರ್ಚಿಯ ಅಲಗಿನಂತೆ ತುದಿ ಚೂಪಾಗಿರುತ್ತದೆ; ನನ್ನ ಗಿಡಗಳಲ್ಲಿ ಎಲೆಯ ಬುಡ ಕಾಂಡವನ್ನು ಅರ್ಧ ತಬ್ಬಿಕೊಂಡಂತೆ ಕೂತಿದೆ, ಮುಟ್ಟಿದರೆ ನುಣುಪಾಗಿದೆ. ಮರಿಯೂ ಇಲ್ಲದೆ, ಒಂಟಿ ಕಾಂಡದ ಮೇಲೆ ಅಗಲ ಎಲೆ ಇದ್ದರೆ ಅದು ಚೀನಾ ಆಸ್ಟರ್ ಎಂದೇ ತಿಳಿಯಬೇಕು. ಚೀನಾ ಆಸ್ಟರ್ ಕೀಳು ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದರಲ್ಲಿ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯೊಲೆಟ್ ಕುಶನ್ ಎಂಬ ತಳಿಗಳನ್ನು ಬಿಡುಗಡೆ ಮಾಡಿದೆ, ರೈತರು ಅವನ್ನು ಬೆಳೆದು ಬಾಳುತ್ತಿದ್ದಾರೆ. ಹತ್ತಿಪ್ಪತ್ತು ರೂಪಾಯಿಯ ಬೀಜದಲ್ಲಿ ಒಂದು ಮಡಿಯನ್ನೇ ತುಂಬುವ ಗಿಡವನ್ನು ಬಹುವಾರ್ಷಿಕದ ಬೆಲೆಗೆ ಒಂದೊಂದಾಗಿ ಕೊಟ್ಟದ್ದಷ್ಟೇ ನನ್ನ ತಕರಾರು.

ಮಣ್ಣಿನ ವಿಷಯಕ್ಕೆ ಬಂದರೆ, ಹುಬ್ಬಳ್ಳಿ-ಧಾರವಾಡ ಎಂದು ಜೋಡಿಸಿ ಹೇಳುವ ಈ ಎರಡು ಊರುಗಳು ಆಸ್ಟರ್‌ನ ಪಾಲಿಗೆ ಒಂದೇ ಊರಲ್ಲ. ನಮ್ಮ ಮನೆ ಧಾರವಾಡದ ಪಶ್ಚಿಮದ ಮಗ್ಗುಲಲ್ಲಿದೆ. ಮಣ್ಣು ಕೆಂಪು, ಗರಸು ಬೆರೆತದ್ದು, ಎಷ್ಟೇ ಮಳೆ ಹೊಡೆದರೂ ಒಂದು ತಾಸಿನಲ್ಲಿ ನೀರು ಇಂಗಿ ಹೋಗುತ್ತದೆ. ತಂಗಿಯ ಮನೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ. ಅಲ್ಲಿಯದು ಎರಿ ಮಣ್ಣು, ಅಂದರೆ ನೀರು ಹಿಡಿದಿಟ್ಟುಕೊಳ್ಳುವ ಕಪ್ಪು ಮಣ್ಣು. ನಮ್ಮಲ್ಲಿ ನಾಲ್ಕು ಗಿಡಗಳು ಜುಲೈ ತಿಂಗಳ ಮಳೆಯಲ್ಲಿ ತೊಳೆದಿಟ್ಟಂತೆ ಹಸಿರಾಗಿ ನಿಂತಿದ್ದಾಗ, ಅಲ್ಲಿ ನೆಲಕ್ಕೆ ಹಚ್ಚಿದ ಒಂದು ಗಿಡ ಕೆಳಗಿನ ಎಲೆಗಳಿಂದ ಹಳದಿಯಾಗುತ್ತ ಬಂದು ಆಗಸ್ಟ್ ಮೊದಲ ವಾರದಲ್ಲಿ ಬಿದ್ದುಹೋಯಿತು. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಹಿಸುಕಿದರೆ ಸಿಪ್ಪೆ ಕೈಗೆ ಬರುತ್ತಿತ್ತು. ಇನ್ನೊಂದನ್ನು ಆಕೆ ಕುಂಡದಲ್ಲಿ ಇಟ್ಟಿದ್ದಳು, ಅದು ಬದುಕಿತು. ಆಸ್ಟರ್‌ಗೆ ನೀರು ಬೇಕು, ಬೇಸಿಗೆಯಲ್ಲಿ ದಿನಕ್ಕೊಮ್ಮೆ ಬೇಕು, ಆದರೆ ಬೇರು ನಿಂತ ನೀರಿನಲ್ಲಿ ಕೂತರೆ ಅದು ಸಹಿಸುವುದಿಲ್ಲ. ಎರಿ ನೆಲದವರು, ಗದಗ, ನವಲಗುಂದದ ಕಡೆಯವರನ್ನೂ ಸೇರಿಸಿ ಹೇಳುತ್ತಿದ್ದೇನೆ, ನೆಲದಿಂದ ಒಂದು ಗೇಣು ಎತ್ತರಕ್ಕೆ ಮಡಿ ಏರಿಸಿ, ಕೆಂಪು ಮಣ್ಣು ಎರಡು ಪಾಲು, ಕಳಿತ ತಿಪ್ಪೆ ಗೊಬ್ಬರ ಒಂದು ಪಾಲು, ದಪ್ಪ ಉಸುಕು ಒಂದು ಪಾಲು ಬೆರೆಸಿ ಹಚ್ಚುವುದು ಕ್ಷೇಮ. ತಂಗಿ ಎರಡನೆಯ ವರ್ಷ ಹೀಗೆ ಮಾಡಿದಳು, ಒಂದೂ ಸಾಯಲಿಲ್ಲ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರ ಬೇಕೇ ಬೇಕು. ಹಚ್ಚುವಾಗ ಆ ಅಂತರ ವ್ಯರ್ಥ ಎನಿಸುತ್ತದೆ, ಅಕ್ಟೋಬರಿನಲ್ಲಿ ಸಾಲದು ಎನಿಸುತ್ತದೆ.

ಹಚ್ಚಿದ ಮೇಲೆ ಮಾಡಬೇಕಾದ ದೊಡ್ಡ ಕೆಲಸ ಕುಡಿ ಚಿವುಟುವುದು. ನರ್ಸರಿಯವರು ಇದನ್ನು ಹೇಳಲಿಲ್ಲ, ಸೇವಂತಿಗೆ ಬೆಳೆಸಿದ ಅಭ್ಯಾಸದಿಂದ ನಾನೇ ಮಾಡಿದೆ. ಗಿಡ ಒಂದು ಗೇಣು ಬಂದಾಗ ತುದಿಯ ಕುಡಿಯನ್ನು ಉಗುರಿನಿಂದ ಚಿವುಟಿದರೆ ಕೆಳಗಿನ ಎಲೆಗಳ ಸಂದಿನಿಂದ ನಾಲ್ಕೈದು ಟಿಸಿಲು ಒಡೆಯುತ್ತವೆ. ಅವು ನಾಲ್ಕು ಬೆರಳು ಬೆಳೆದಾಗ ಇನ್ನೊಮ್ಮೆ ಚಿವುಟಬೇಕು. ಚಿವುಟದೆ ಬಿಟ್ಟ ಒಂದು ಗಿಡ ಮೊದಲ ವರ್ಷ ಎದೆಯ ಮಟ್ಟಕ್ಕೆ ಬೆಳೆದು, ಹೂ ಅರಳಿದ ವಾರವೇ ಮಳೆಗಾಳಿಗೆ ಮಲಗಿತು. ಚಿವುಟಿದವು ಎರಡು ಅಡಿಯ ಗುಮ್ಮಟಗಳಾಗಿ, ಕೋಲಿನ ಆಸರೆ ಇಲ್ಲದೆ ನಿಂತವು.

ಮೊದಲ ಹೂ ಅರಳಿದ್ದು 2024ರ ಸೆಪ್ಟೆಂಬರ್ ಎರಡನೆಯ ವಾರದಲ್ಲಿ, ಗಣೇಶ ಚೌತಿಯ ಬೆನ್ನಿಗೇ. ಆ ವರ್ಷ ಚೌತಿ ಸೆಪ್ಟೆಂಬರ್ 7ಕ್ಕೆ ಬಂದಿತ್ತು. 2025ರಲ್ಲಿ ಚೌತಿ ಆಗಸ್ಟ್ 27ಕ್ಕೇ ಬಂದಿತು, ನಾನು ಹೂ ಬರುತ್ತದೆಂದು ನೆಚ್ಚಿಕೊಂಡು ಕೂತೆ, ಗಿಡ ಮಾತ್ರ ಮತ್ತೆ ಸೆಪ್ಟೆಂಬರ್ ಎರಡನೆಯ ವಾರಕ್ಕೇ ಅರಳಿತು. ಅದಕ್ಕೆ ನಮ್ಮ ಪಂಚಾಂಗ ಗೊತ್ತಿಲ್ಲ. ಅದು ಎಣಿಸುವುದು ರಾತ್ರಿಯ ಉದ್ದವನ್ನು. ಈ ಬಗೆಯ ಆಸ್ಟರ್‌ಗಳು ಹಗಲು ದೊಡ್ಡದಾಗಿರುವಾಗ ಕಾಂಡ ಬೆಳೆಸಿ, ಹಗಲು ಕುಗ್ಗುತ್ತ ಬಂದಂತೆ ಮೊಗ್ಗು ಕಟ್ಟುತ್ತವೆ. ಧಾರವಾಡದಲ್ಲಿ ಜೂನ್ ಕೊನೆಯ ಹೊತ್ತಿಗೆ ಹಗಲು ಸುಮಾರು 13 ತಾಸು, ಡಿಸೆಂಬರ್ ಕೊನೆಗೆ 11 ತಾಸಿಗಿಂತ ತುಸು ಹೆಚ್ಚು. ನಮಗೆ ಗಮನಕ್ಕೂ ಬಾರದ ಈ ಎರಡು ತಾಸಿನ ಏರಿಳಿತದಲ್ಲೇ ಗಿಡದ ವರ್ಷವೆಲ್ಲ ನಡೆಯುತ್ತದೆ.

ಇದನ್ನು ನಾನು ಓದಿ ತಿಳಿದದ್ದಕ್ಕಿಂತ ಬೀದಿದೀಪದಿಂದ ಕಲಿತದ್ದು ಹೆಚ್ಚು. ನನ್ನ ನಾಲ್ಕು ನಿಜವಾದ ಗಿಡಗಳಲ್ಲಿ ಎರಡು ಕಂಪೌಂಡ್ ಗೋಡೆಯ ಒಳಮಗ್ಗುಲಲ್ಲಿ, ಬೀದಿಯ ಕಂಬದ ಎಲ್‌ಇಡಿ ದೀಪ ನೇರವಾಗಿ ಬೀಳುವ ಜಾಗದಲ್ಲಿದ್ದವು. ಉಳಿದೆರಡು ಅರಳಿ ತುಂಬಿಕೊಂಡಿದ್ದರೂ ಇವು ಎಲೆ ಬಿಡುತ್ತ, ಎತ್ತರಕ್ಕೆ ಏರುತ್ತ, ಮೂರು ವಾರ ತಡವಾಗಿ ಹೂಬಿಟ್ಟವು. ಬಿಸಿಲು ಸಾಲದೆಂದು ಗೊಬ್ಬರ ಹೆಚ್ಚಿಸಿದೆ, ಏನೂ ಆಗಲಿಲ್ಲ. ಮರುವರ್ಷ ಅವುಗಳಲ್ಲಿ ಒಂದನ್ನು ಬಾವಿಯ ಪಕ್ಕದ ಕತ್ತಲೆಯ ಮೂಲೆಗೆ ಸರಿಸಿ, ಇನ್ನೊಂದನ್ನು ಅಲ್ಲಿಯೇ ಬಿಟ್ಟೆ. ಸರಿಸಿದ್ದು ಎಲ್ಲದರ ಜೊತೆ ಅರಳಿತು, ದೀಪದ ಕೆಳಗಿನದು ಮತ್ತೆ ತಡಮಾಡಿತು. ವಿದೇಶಗಳಲ್ಲಿ ಹೂವಿನ ವ್ಯಾಪಾರಕ್ಕಾಗಿ ಆಸ್ಟರ್ ಬೆಳೆಯುವವರು ಉದ್ದ ಕಾಂಡ ಪಡೆಯಲೆಂದು ರಾತ್ರಿ ದೀಪ ಹಾಕುತ್ತಾರೆ. ನಮ್ಮ ಬೀದಿಯ ಕಂಬ ಅದೇ ಸೇವೆಯನ್ನು ನನಗೆ ಪುಕ್ಕಟೆ ಒದಗಿಸಿತ್ತು. ಸೆಪ್ಟೆಂಬರಿನಲ್ಲಿ ಹೂ ಬೇಕೆನ್ನುವವರು ವರಾಂಡದ ದೀಪದ ಕೆಳಗೆ ಕುಂಡ ಇಡಬಾರದು.

ಹೂವಿನ ಬಗ್ಗೆ ಬರೆಯದೆ ಗಿಡದ ವಿಮರ್ಶೆ ಮುಗಿಸಿದರೆ ಅನ್ಯಾಯವಾಗುತ್ತದೆ. ಒಂದೊಂದು ಹೂ ಹತ್ತು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದು. ನಡುವೆ ಅರಿಶಿನದ ಗುಂಡು, ಸುತ್ತ ನೇರಳೆಯ ಸಣ್ಣ ಎಸಳುಗಳು. ನಾವು ಒಂದು ಹೂ ಎನ್ನುವುದು ವಾಸ್ತವದಲ್ಲಿ ಹತ್ತಾರು ಪುಟ್ಟ ಹೂಗಳ ಗುಂಪು. ನಡುವಿನ ಹಳದಿಯ ಪ್ರತಿ ಚುಕ್ಕೆಯೂ ಒಂದು ಹೂ, ಸುತ್ತಲಿನ ಪ್ರತಿ ಎಸಳೂ ಒಂದು ಹೂ. ಹೊಸದಾಗಿ ಅರಳಿದಾಗ ನಡುವಿನದು ನಿಂಬೆ ಹಳದಿ. ನಾಲ್ಕೈದು ದಿನಗಳಲ್ಲಿ ಹೊರ ಅಂಚಿನಿಂದ ಒಳಕ್ಕೆ ಕಂದುಗೆಂಪಿಗೆ ತಿರುಗುತ್ತ ಬರುತ್ತದೆ. ಒಂದೇ ರೆಂಬೆಯ ಮೇಲೆ ಹಳದಿ ನಡುವಿನವೂ ಕೆಂಪು ನಡುವಿನವೂ ಒಟ್ಟಿಗೆ ಇರುವುದರಿಂದ ದೂರದಿಂದ ನೋಡಿದರೆ ಎರಡು ಜಾತಿಯ ಗಿಡಗಳನ್ನು ಕೂಡಿಸಿ ಹಚ್ಚಿದಂತೆ ಕಾಣುತ್ತದೆ. ನವರಾತ್ರಿಯ ಹೊತ್ತಿಗೆ ಎಲೆಯೇ ಕಾಣದಷ್ಟು ಹೂ ಬರುತ್ತದೆ. ಬೆಳಗಿನ ಒಂಬತ್ತರ ಸುಮಾರಿಗೆ ಇಬ್ಬನಿ ಆರಿದ ಕೂಡಲೇ ತುಡುವೆ ಜೇನುಗಳು ಬರುತ್ತವೆ. ಗಿಡದ ಹತ್ತಿರ ಕಿವಿಗೊಟ್ಟು ನಿಂತರೆ ಗುಂಯ್‌ಗುಡುವ ಸದ್ದು ಕೇಳುತ್ತದೆ. ಮಳೆಗಾಲದ ಗಿಡಗಳು ಬಾಡತೊಡಗಿದ ಹೊತ್ತಿನಲ್ಲಿ ಅವಕ್ಕೆ ಇದೊಂದು ದೊಡ್ಡ ಊಟ.

ದೇವರ ಪೂಜೆಗೆ ಇದು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಪಕ್ಕದ ಮನೆಯ ಅಜ್ಜಿ ಒಂದು ಹಿಡಿ ಹೂ ಒಯ್ದು ಮರುದಿನ ಬಂದು, “ಚಂದ ಅದ ಖರೆ, ವಾಸನಿ ಇಲ್ಲ, ದಾರಕ್ಕ ನಿಲ್ಲೂದಿಲ್ಲ” ಎಂದರು. ಅವರ ಮಾತು ಸರಿ. ತೊಟ್ಟು ತೆಳುವಾದ್ದರಿಂದ ಕಟ್ಟಿದ ಮಾಲೆ ಸಂಜೆಗೆ ಸೊರಗುತ್ತದೆ. ಆ ಕೆಲಸಕ್ಕೆ ನಮ್ಮ ಶ್ಯಾವಂತಿಗೆಯ ಮುಂದೆ ಇದು ನಿಲ್ಲಲಾರದು. ಆದರೆ ಉದ್ದ ರೆಂಬೆಗಳಾಗಿ ಬೆಳಗಿನ ಜಾವ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದು ಹೂದಾನಿಯಲ್ಲಿ ಇಟ್ಟರೆ ನಮ್ಮ ಮನೆಯಲ್ಲಿ ಐದಾರು ದಿನ ತಾಜಾ ಉಳಿದಿದೆ. ಗುಲಾಬಿಯ ನಡುವೆ ತುಂಬುಹೂವಾಗಿ ಇಡಲು ಇದಕ್ಕಿಂತ ಒಳ್ಳೆಯದು ನಮ್ಮ ಹಿತ್ತಲಿನಲ್ಲಿ ಇಲ್ಲ.

ರೋಗಗಳಲ್ಲಿ ಕಾಡಿದ್ದು ಬೂದಿ ರೋಗ ಒಂದೇ. ಮಳೆ ನಿಂತು ಹಗಲು ಬಿಸಿಲು, ರಾತ್ರಿ ಇಬ್ಬನಿ ಆಗುವ ಅಕ್ಟೋಬರಿನಲ್ಲಿ ಕೆಳಗಿನ ಎಲೆಗಳ ಮೇಲೆ ಜೋಳದ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಕೂರುತ್ತದೆ. ಮೈಕೆಲ್‌ಮಸ್ ಡೈಸಿಗೆ ಇದು ಹುಟ್ಟುಗುಣದಂತೆ ಅಂಟಿಕೊಂಡ ರೋಗ. ಸಂಜೆ ಎಲೆಯ ಮೇಲೆ ನೀರು ಹೊಡೆಯುವುದನ್ನು ಬಿಟ್ಟು ಬೆಳಿಗ್ಗೆ ಬುಡಕ್ಕೆ ಹಾಕಿದಾಗ ಅರ್ಧ ಕಡಿಮೆಯಾಯಿತು. ಉಳಿದ ಅರ್ಧಕ್ಕೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ, ಬಿಸಿಲಿಳಿದ ಮೇಲೆ, ಹತ್ತು ದಿನಗಳ ಅಂತರದಲ್ಲಿ ಎರಡು ಸಲ ಸಿಂಪಡಿಸಿದೆ. ಎಳೆ ಕುಡಿಗಳಿಗೆ ಹೇನು ಬಂದಾಗ ಬೇವಿನ ಎಣ್ಣೆ ಸಾಕಾಯಿತು.

ಈಗ ದಿನಗಳ ಲೆಕ್ಕ. ಮೊದಲ ವರ್ಷ ಹೂ ಸೆಪ್ಟೆಂಬರ್ ಎರಡನೆಯ ವಾರದಿಂದ ನವೆಂಬರ್ ಕೊನೆಯವರೆಗೆ ಇತ್ತು. ಆಮೇಲೆ ಗಿಡಗಳನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಕೊಟ್ಟೆ. ಫೆಬ್ರುವರಿ ನಡುವಿನಿಂದ ಒಂದು ತಿಂಗಳು ಎರಡನೆಯ ಸುತ್ತು ಬಂತು. ಗಿಡ ಗಿಡ್ಡ, ಹೂ ವಿರಳ, ಬಣ್ಣವೂ ತುಸು ಮಂಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಒಂದು ಹೂವೂ ಇಲ್ಲ, ಮಧ್ಯಾಹ್ನದ ಬಿಸಿಲಿಗೆ ಹಳೆಯ ಗೊಬ್ಬರದ ಚೀಲ ಮರೆ ಕಟ್ಟಿ ಗಿಡವನ್ನು ಬದುಕಿಸಿಕೊಳ್ಳುವುದೇ ಕೆಲಸ. ಒಟ್ಟು ಮೂರೂವರೆ ತಿಂಗಳು. ಎರಡನೆಯ ವರ್ಷ ಒಂದು ಉಪಾಯ ಮಾಡಿದೆ. ಅರ್ಧ ಗಿಡಗಳ ಕೊನೆಯ ಕುಡಿಯನ್ನು ಜುಲೈ ನಡುವೆ, ಉಳಿದರ್ಧದ್ದನ್ನು ಆಗಸ್ಟ್ ನಡುವೆ ಚಿವುಟಿದೆ; ಬಾಡಿದ ಹೂಗಳನ್ನು ಎರಡು ದಿನಕ್ಕೊಮ್ಮೆ ಕತ್ತರಿಯಿಂದ ತೆಗೆದೆ, ಬೀಜ ಕಟ್ಟಲು ಬಿಡಲಿಲ್ಲ. ಸೆಪ್ಟೆಂಬರ್ ಎರಡನೆಯ ವಾರದಿಂದ ಈ ಡಿಸೆಂಬರ್ ನಡುವಿನವರೆಗೆ, ಹೆಚ್ಚುಕಡಿಮೆ 95 ದಿನ, ಹಿತ್ತಲಿನಲ್ಲಿ ಹೂ ಇಲ್ಲದ ಬೆಳಗು ಇರಲಿಲ್ಲ. ಒಂದು ಬಹುವಾರ್ಷಿಕ ಗಿಡದಿಂದ ಒಂದೇ ಸುತ್ತಿಗೆ ಇಷ್ಟು ಸಿಕ್ಕರೆ ಅದನ್ನು ದೀರ್ಘಕಾಲ ಅರಳುವ ಗಿಡ ಎಂದು ಧಾರಾಳವಾಗಿ ಕರೆಯಬಹುದು, ಬಾರಾಮಾಸಿ ಎನ್ನಬೇಕಾಗಿಲ್ಲ.

ವಿದೇಶದ ತೋಟಗಾರಿಕೆಯ ಬರಹಗಳಲ್ಲಿ ದೀರ್ಘಕಾಲ ಅರಳುವ ಆಸ್ಟರ್ ಎಂದರೆ ಮೊದಲು ಬರುವ ಹೆಸರು ಫ್ರಿಕಾರ್ಟಿಯದು. ಸ್ವಿಟ್ಜರ್ಲೆಂಡಿನ ಫ್ರಿಕಾರ್ಟ್ ಎಂಬ ನರ್ಸರಿಗಾರ ಕಳೆದ ಶತಮಾನದ ಮೊದಲ ಭಾಗದಲ್ಲಿ ಯುರೋಪಿನ ಅಮೆಲ್ಲಸ್ ಎಂಬ ಜಾತಿಯನ್ನೂ ನಮ್ಮ ಹಿಮಾಲಯದ ಪಶ್ಚಿಮ ಭಾಗದ ಥಾಮ್ಸೋನಿ ಎಂಬ ಜಾತಿಯನ್ನೂ ಕೂಡಿಸಿ ಅದನ್ನು ಪಡೆದ. ಅದರ ತಳಿಗಳಿಗೆ ಅಲ್ಲಿಯ ಶಿಖರಗಳಾದ ಮಾಂಕ್, ಐಗರ್, ಯುಂಗ್‌ಫ್ರಾವ್‌ಗಳ ಹೆಸರಿಟ್ಟ. ಮಾಂಕ್ ಎಂಬುದು ಇಂಗ್ಲೆಂಡಿನಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ ಅರಳುತ್ತದೆ. ಒಂದು ಕಡೆಯ ಬೇರು ನಮ್ಮ ಹಿಮಾಲಯದ್ದೇ ಎಂದು ತಿಳಿದಾಗ ನನಗೂ ಆಸೆಯಾಯಿತು. ಅಂತರಜಾಲದ ಒಂದು ಅಂಗಡಿಯಲ್ಲಿ ಬಹುವಾರ್ಷಿಕ ಆಸ್ಟರ್ ಬೀಜ ಎಂದು, ಇಂಥದೇ ಹೂವಿನ ಚಿತ್ರದೊಂದಿಗೆ, 149 ರೂಪಾಯಿಗೆ ಮಾರುತ್ತಿದ್ದ ಪೊಟ್ಟಣವನ್ನು ತರಿಸಿದೆ. ಬಂದ ಬೀಜಗಳಿಂದ ಎದ್ದದ್ದು ಮತ್ತೆ ಅದೇ ಅಗಲ ಎಲೆಯ ಚೀನಾ ಆಸ್ಟರ್. ಮಿಶ್ರತಳಿಯ ಗಿಡ ಬೀಜದಿಂದ ತನ್ನಂತೆಯೇ ಹುಟ್ಟುವುದಿಲ್ಲ, ಅದನ್ನು ಬುಡ ಸೀಳಿಯೋ ಕುಡಿ ನೆಟ್ಟೋ ಬೆಳೆಸಬೇಕು ಎಂಬ ಸಾಮಾನ್ಯ ತಿಳಿವಳಿಕೆ ನನಗಿದ್ದೂ ಚಿತ್ರಕ್ಕೆ ಮರುಳಾದೆ. ಅಂಗಡಿಯವರು ದೂರಿಗೆ ಉತ್ತರಿಸಲಿಲ್ಲ. ಹೀಗಾಗಿ ಬೀಜದ ಪೊಟ್ಟಣಕ್ಕೆ ನನ್ನ ಅಂಕ ಸೊನ್ನೆ.

ನರ್ಸರಿಯ ಸೇವೆಗೆ ಅಷ್ಟು ಕಡಿಮೆ ಕೊಡಲಾರೆ. 2024ರ ದೀಪಾವಳಿ ಮುಗಿದ ಮೇಲೆ ಒಣಗಿದ ಎರಡು ಗಿಡಗಳನ್ನು ಕಾಗದದಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋದೆ. ಮಾಲೀಕರು ಬೇರು ತಿರುಗಿಸಿ ನೋಡಿ, ತಪ್ಪನ್ನು ಒಪ್ಪಿಕೊಂಡರು. ಕೆಲಸದ ಹುಡುಗ ಎರಡು ಸಾಲುಗಳನ್ನು ಕೂಡಿಸಿಬಿಟ್ಟಿದ್ದನಂತೆ. ಎರಡರ ಬದಲು ಒಂದು ಸಸಿ ಕೊಟ್ಟರು, ದುಡ್ಡು ಮಾತ್ರ ಮರಳಿಸಲಿಲ್ಲ. “ಉಳಿದದ್ದರಾಗೂ ಹನ್ನೆರಡು ತಿಂಗಳಾ ಹೂ ಬರಂಗಿಲ್ಲಲ್ರಿ” ಎಂದು ನಾನು ಎರಡನೆಯ ತಕರಾರು ತೆಗೆದಾಗ ಅವರು ನಿಧಾನವಾಗಿ ಕೇಳಿದರು: “ಗಿಡಾ ಐತೋ ಇಲ್ಲೋ?” ಅದೆ ಎಂದೆ. “ಮತ್ತ?” ಎಂದು ಅವರು ಪೈಪು ಎತ್ತಿಕೊಂಡರು. ಸಸಿಗಳ ಆರೈಕೆಯಲ್ಲಿ ಅವರನ್ನು ಹೊಗಳಲೇಬೇಕು: ಬೇರು ಚೀಲದಲ್ಲಿ ಸುತ್ತಿಕೊಂಡಿರಲಿಲ್ಲ, ಹುಳ ಇರಲಿಲ್ಲ, ನೆರಳಿನ ಬಲೆಯ ಕೆಳಗಿಂದ ತೆಗೆದು ಎರಡು ದಿನ ಬಿಸಿಲಿಗೆ ಒಗ್ಗಿಸಿ ಕೊಟ್ಟಿದ್ದರು. ಗಿಡದ ಗುಣಮಟ್ಟಕ್ಕೆ ಐದರಲ್ಲಿ ನಾಲ್ಕೂವರೆ, ಚೀಟಿಗೂ ಮಾಹಿತಿಗೂ ಒಂದೂವರೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಮೂರು ಬರುತ್ತದೆ, ಆದರೆ ಹೂ ನೋಡಿದ ಮೇಲೆ ನಾನು ಮೂರೂವರೆ ಕೊಡುತ್ತೇನೆ.

ಈ ಗಿಡಕ್ಕೆ ಕೊಟ್ಟ ಹಣ ಹುಟ್ಟುವುದು ಎರಡನೆಯ ವರ್ಷದಲ್ಲಿ. 2025ರ ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ಐದು ಬುಡಗಳನ್ನು ಅಗೆದು ತೆಗೆದೆ. ನಡುವಿನ ಹಳೆಯ ಭಾಗ ಕಟ್ಟಿಗೆಯಂತಾಗಿತ್ತು, ಅದನ್ನು ಎಸೆದೆ. ಅಂಚಿನ ಸುತ್ತ, ತಮ್ಮದೇ ಬಿಳಿ ಬೇರು ಬಿಟ್ಟುಕೊಂಡ ಮರಿಗಳು ಐವತ್ತರ ಹತ್ತಿರ ಸಿಕ್ಕವು. ಕೆಲವನ್ನು ತಂಗಿಗೆ, ಕೆಲವನ್ನು ಹಾವೇರಿಯಲ್ಲಿರುವ ಗೆಳತಿಗೆ ಕಳಿಸಿ, ಇಪ್ಪತ್ತನ್ನು ನಾನು ಹಚ್ಚಿಕೊಂಡೆ. ವರ್ಷಕ್ಕೊಮ್ಮೆ, ತಪ್ಪಿದರೆ ಎರಡು ವರ್ಷಕ್ಕೊಮ್ಮೆಯಾದರೂ ಹೀಗೆ ಬಿಡಿಸದಿದ್ದರೆ ಬುಡ ಇರುಕಿಕೊಂಡು ನಡುವೆ ಬೋಳಾಗುತ್ತದೆ, ಹೂವೂ ಸಣ್ಣದಾಗುತ್ತದೆ.

ಕಳೆದ ವಾರ ಬೇರೆ ಕೆಲಸಕ್ಕೆಂದು ಅದೇ ನರ್ಸರಿಗೆ ಹೋಗಿದ್ದೆ. ತಗಡಿನ ಚೀಟಿ ಹಾಗೆಯೇ ಇದೆ, ಬಾರಾಮಾಸಿ ಎಂಬ ಶಬ್ದವೂ ಇದೆ, ಬೆಲೆ 80 ರೂಪಾಯಿ ಆಗಿದೆ, ಸಾಲಿನಲ್ಲಿ ಸಸಿ ಮಾತ್ರ ಇರಲಿಲ್ಲ. ಮಳೆಗಾಲದಲ್ಲಿ ತಾಯಿಗಿಡಗಳೆಲ್ಲ ಕೊಳೆತುಹೋದವಂತೆ. ನನ್ನ ಗಿಡಗಳ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, “ಅಕ್ಕಾರ, ಮರಿ ಹೆಚ್ಚಾಗಿದ್ರ ನಮಗೂ ಒಂದಿಷ್ಟು ಕೊಡ್ರಿ” ಎಂದರು. ಹನ್ನೆರಡು ಮರಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಒಯ್ದು ಕೊಟ್ಟೆ. ಬದಲಿಗೆ ಎರಡು ಬುಟ್ಟಿ ತಿಪ್ಪೆ ಗೊಬ್ಬರವನ್ನೂ, ಬಾಕಿ ಉಳಿದಿದ್ದ ಒಂದು ಸಸಿಯ 60 ರೂಪಾಯಿಯನ್ನೂ ಕೊಟ್ಟರು.